ಅಣ್ಣ ಕೈ ಎತ್ತಿದಾಗ

ಸೊಕ್ ಜುನ್‌ಮೊನ ಹೆಸರನ್ನು ಕೂಗುವ ಹೊತ್ತಿಗೆ ಕುರ್ಚಿ ಮಡಚಿಡುವವರು ಹಿಂದಿನ ಸಾಲಿನಿಂದ ಕೆಲಸ ಶುರುಮಾಡಿಬಿಟ್ಟಿದ್ದರು. ವೃತ್ತಿಪರ ಬಾಸ್ಕೆಟ್‌ಬಾಲ್ ತಂಡಗಳು ಹೊಸ ಹುಡುಗರನ್ನು ಆರಿಸಿಕೊಳ್ಳುವ ದಿನ ಅದು. ಮೊದಲ ಸುತ್ತಿನಲ್ಲಿ ಆಯ್ಕೆಯಾದವರು ಹೂಗುಚ್ಛ ಹಿಡಿದು, ಟಿವಿಯವರ ಮುಂದೆ ಕಣ್ಣೊರೆಸಿಕೊಂಡು, ಅಪ್ಪ-ಅಮ್ಮನಿಗೆ ಅಡ್ಡಬಿದ್ದು ಊಟಕ್ಕೂ ಹೋಗಿಯಾಗಿತ್ತು. ಮೂರನೇ ಸುತ್ತು ಬಂದಾಗ ತಂಡಗಳವರು ಒಬ್ಬೊಬ್ಬರಾಗಿ ಎದ್ದು, "ನಮಗೆ ಸಾಕು" ಎಂದು ಹೇಳಿ ಕೂರತೊಡಗಿದ್ದರು. ಪೊಹಾಂಗ್ ವೇಲ್ಸ್ ತಂಡದ ಮಾ ಕೋಚ್ ಮೈಕಿನ ಹತ್ತಿರ ನಡೆದದ್ದೂ ಅದನ್ನೇ ಹೇಳುವುದಕ್ಕೆ ಎಂದು ಎಲ್ಲರೂ ತಿಳಿದಿದ್ದರು. ಜುನ್‌ಮೊ ಎಲ್ಲರಿಗಿಂತ ಮೊದಲು ತಿಳಿದುಕೊಂಡು, ಟೈ ಸಡಿಲಿಸಿ, ಊರಿಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ಫೋನಿನಲ್ಲಿ ಹುಡುಕುತ್ತಿದ್ದ. ಹೆಸರು ಕೇಳಿಸಿದಾಗ ಅಭಿನಂದಿಸಲು ಪಕ್ಕದವನ ಬೆನ್ನು ತಟ್ಟಿದ.

"ಲೋ, ನಿಂದೇ ಕಣೋ ಹೆಸರು," ಎಂದ ಪಕ್ಕದವನು.

ಅಮ್ಮ ಸರಿಯಾಗಿ ಆಗಲೇ ಶೌಚಾಲಯಕ್ಕೆ ಹೋಗಿದ್ದಳು. ಮಗ ವೃತ್ತಿಪರ ಆಟಗಾರನಾದ ಕ್ಷಣ, ಕೈ ಒಣಗಿಸುವ ಯಂತ್ರದ ಸದ್ದಿನಲ್ಲಿ ಅವಳಿಗೆ ತಪ್ಪಿಹೋಯಿತು.

ತನ್ನಲ್ಲಿ ಏನು ಕಂಡು ಆರಿಸಿದಿರಿ ಎಂದು ಆಮೇಲೊಂದು ದಿನ ಅವನು ಧೈರ್ಯ ಮಾಡಿ ಕೇಳಿದ. ಮಾ ಕೋಚ್ ಮುಚ್ಚುಮರೆ ಮಾಡಲಿಲ್ಲ. "ಅಭ್ಯಾಸಕ್ಕೆ ಐದೈದು ಜನ ಬೇಕಲ್ವೇನಪ್ಪಾ? ಒಬ್ಬ ಕಮ್ಮಿ ಬೀಳ್ತಿದ್ದ." ಅಂದರೆ ಅವನನ್ನು ಆರಿಸಿದ್ದು ಆಟ ನೋಡಿ ಅಲ್ಲ, ಲೆಕ್ಕ ನೋಡಿ. ಲೀಗಿನಲ್ಲಿ ಯಾವ ಆಟಗಾರನಿಗೂ ಇದಕ್ಕಿಂತ ಕಡಿಮೆ ಸಂಬಳ ಕೊಡಕೂಡದು ಎಂದು ಒಂದು ನಿಯಮವಿದೆ. ಅದನ್ನು ಮಾಡಿದವರು ತನ್ನನ್ನು ಎದುರಿಗೆ ನಿಲ್ಲಿಸಿಕೊಂಡೇ ಮಾಡಿರಬೇಕು ಎಂದು ಜುನ್‌ಮೊ ನಗುತ್ತಿದ್ದ. ನೀರಿನ ಬಾಟಲಿ ತುಂಬುವುದು, ಬೆವರಿದವರಿಗೆ ಟವೆಲ್ ಎಸೆಯುವುದು, ಗೆದ್ದಾಗ ಎಲ್ಲರಿಗಿಂತ ಎತ್ತರಕ್ಕೆ ನೆಗೆಯುವುದು ಅವನ ಕೆಲಸವಾಗಿತ್ತು. ಅಮ್ಮನಿಗೆ ಪೊಹಾಂಗಿನ ಜುಕ್‌ದೊ ಮಾರುಕಟ್ಟೆಯಲ್ಲಿ ಮೀನಂಗಡಿ. ಚಳಿಗಾಲದಲ್ಲಿ ಸಮುದ್ರದ ಗಾಳಿಗೆ ಅರೆ ಒಣಗಿಸಿದ ಗ್ವಮೆಗಿ ಮೀನನ್ನು ಕಟ್ಟು ಕಟ್ಟಿ ಮಾರುತ್ತಿದ್ದಳು. "ನಿಮ್ಮ ಹುಡುಗ ಟಿವೀಲಿ ಬರ್ತಾನಂತೆ, ಯಾವೋನು?" ಎಂದು ಗಿರಾಕಿಗಳು ಕೇಳಿದರೆ, "ಬೆಂಚಿನ ತುದೀಲಿ ನೋಡಿ, ಟವೆಲ್ ರಾಶಿ ಕಾಣತ್ತಲ್ಲ, ಅದ್ರ ಪಕ್ಕ," ಎನ್ನುತ್ತಿದ್ದಳು.

ತಂಡದ ನಾಯಕ ಗಿಲ್ ಸಂಗ್‌ಹೂ. ಅವನ ಚಿತ್ರ ಊರಿನ ಬಸ್ಸುಗಳ ಮೇಲಿತ್ತು. ಅವನು ಜುನ್‌ಮೊನ ಬೀದಿಯವನೇ. ಪ್ರಾಥಮಿಕ ಶಾಲೆಯಲ್ಲಿ ಇಬ್ಬರೂ ಒಂದೇ ತರಗತಿ, ಒಂದೇ ಬೆಂಚು. ಬೀದಿ ಬದಿಯ ಖಾರದ ಅಕ್ಕಿ ಕಡುಬನ್ನು ಒಂದೇ ಲೋಟದಲ್ಲಿ ಹಾಕಿಸಿಕೊಂಡು ಒಂದೇ ಕಡ್ಡಿಯಲ್ಲಿ ಚುಚ್ಚಿ ತಿಂದವರು. ಇಬ್ಬರ ನಡುವೆ ಆದ ವ್ಯತ್ಯಾಸಕ್ಕೆ ಕಾರಣ ಜುನ್‌ಮೊನ ಅಪ್ಪ. ಬಾಸ್ಕೆಟ್‌ಬಾಲ್ ಆಡುವ ಕುಳ್ಳ ಹುಡುಗರ ಅಪ್ಪಂದಿರು ನಮ್ಮಲ್ಲಿ ಮಾಡುವ ಉಪಾಯವೊಂದಿದೆ. ಹುಡುಗ ಪಾಸಾಗಿದ್ದರೂ ಬೇಕೆಂದೇ ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂರಿಸಿಬಿಡುವುದು. ಆ ವರ್ಷದಲ್ಲಿ ಎತ್ತರ ಏರಿದರೆ, ತನಗಿಂತ ಚಿಕ್ಕವರ ನಡುವೆ ಹುಲಿಯಾಗಿ ಆಡಿ ಒಳ್ಳೆಯ ಹೈಸ್ಕೂಲು ಹಿಡಿಯುತ್ತಾನೆ ಎಂಬ ಆಸೆ. ಬಸ್ಸು ಓಡಿಸುತ್ತಿದ್ದ ಅಪ್ಪ ಮಗನನ್ನು ಹಾಗೆ ಕೂರಿಸಿದ. ಹುಡುಗ ಬಕೆಟ್ಟುಗಟ್ಟಲೆ ಹಾಲು ಕುಡಿದ, ಕಂಬಿಗೆ ಬಾವಲಿಯಂತೆ ಜೋತುಬಿದ್ದ. ವರ್ಷ ಕಳೆದು ಅಳೆದರೆ ಬೆಳೆದದ್ದು ಎರಡು ಬೆರಳು. ಅದರಲ್ಲಿ ಒಂದು ಬೆರಳು ಕೂದಲಿನದು ಎಂದು ಅವನಿಗೆ ಈಗಲೂ ಅನುಮಾನ.

ಯಾವ ಉಪಾಯವನ್ನೂ ಮಾಡದ ಸಂಗ್‌ಹೂ ಮುಂದಿನ ತರಗತಿಗೆ ಹೋದ; ಹೋದವನು ಬಿದಿರಿನಂತೆ ಬೆಳೆದ. ಒಂದು ತರಗತಿ ಮುಂದಿದ್ದವನು ನಮ್ಮಲ್ಲಿ ಅಣ್ಣ. ಹೈಸ್ಕೂಲು ತಂಡ ಸೇರಿದ ಮೊದಲ ದಿನ ಜುನ್‌ಮೊ ಆ ಲೆಕ್ಕ ಮರೆತು, ಮೈದಾನದ ಆ ತುದಿಯಲ್ಲಿ ಗೆಳೆಯನನ್ನು ಕಂಡ ಖುಷಿಗೆ, "ಲೋ ಸಂಗ್‌ಹೂ!" ಎಂದು ಕೂಗಿಬಿಟ್ಟ. ಮೇಲಿನ ತರಗತಿಯವರು ಬಂದು ಹೊಸ ಹುಡುಗರನ್ನೆಲ್ಲ ಸಾಲಾಗಿ ನೆಲದ ಮೇಲೆ ಕೈಯೂರಿಸಿ ನಿಲ್ಲಿಸಿದರು. ಒಬ್ಬನ ನಾಲಿಗೆಗೆ ಎಲ್ಲರ ತೋಳು ನಡುಗಿತು. ಸಂಗ್‌ಹೂ ಅಲ್ಲೇ ನಿಂತಿದ್ದ. "ಅವನು ನನ್ನ ಗೆಳೆಯ, ಬಿಡಿ," ಎಂದು ಹೇಳಬಹುದಾಗಿತ್ತು, ಹೇಳಲಿಲ್ಲ. ಅಂದಿನಿಂದ ಅವನು ಅಣ್ಣ, ಅವನಿಗೆ ಬಹುವಚನ. ಆ ಮಾತು ಮೊದಮೊದಲು ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳಿನಂತೆ ಚುಚ್ಚುತ್ತಿತ್ತು. ಆಮೇಲೆ ಅದರ ಮೇಲೆ ಅನ್ನ ನುಂಗಿ ನುಂಗಿ ಇಳಿದುಹೋಯಿತು.

ಈ ಚಳಿಗಾಲದಲ್ಲಿ ಜುನ್‌ಮೊನ ಗ್ರಹಗತಿ ಬದಲಾಯಿತು. ಚೆಂಡನ್ನು ಮುಂದಕ್ಕೆ ಒಯ್ದು, ಯಾರಿಗೆ ಕೊಡಬೇಕೆಂದು ತೀರ್ಮಾನಿಸಿ ಆಟ ನಡೆಸುವವನು ಗಾರ್ಡ್. ತಂಡದ ಮೊದಲ ಗಾರ್ಡ್ ಮಂಡಿ ಮುರಿದುಕೊಂಡು ಆಸ್ಪತ್ರೆ ಸೇರಿದ. ಎರಡನೆಯವನಾದ ಹ್ವಾಂಗ್, ನಮ್ಮಲ್ಲಿ ಪ್ರತಿ ಹುಡುಗನೂ ಮುಗಿಸಲೇಬೇಕಾದ ಸೈನ್ಯದ ಸೇವೆಯಲ್ಲಿದ್ದ. ಉಳಿದವನು ಟವೆಲ್ ರಾಶಿಯ ಪಕ್ಕದವನು. ಊರಿಗೊಬ್ಬಳೇ ಪದ್ಮಾವತಿ ಎಂಬಂತೆ ಜುನ್‌ಮೊ ಅಂಕಣಕ್ಕೆ ಇಳಿದ; ಇಳಿದವನು ಯಾರೂ ನಂಬದ ಹಾಗೆ ಆಡತೊಡಗಿದ. ನೆಲಕ್ಕೆ ಬಿದ್ದು ಚೆಂಡು ಹಿಡಿದ, ತನ್ನ ಎರಡರಷ್ಟಿದ್ದವರ ಕಂಕುಳಡಿ ನುಸುಳಿ ಕಿತ್ತುಕೊಂಡ. "ಮೂರನೇ ಸುತ್ತಿನ ಅಚ್ಚರಿ" ಎಂದು ಪತ್ರಿಕೆಯವರು ಬರೆದರು. ನಿರೀಕ್ಷೆ ನೆಲದ ಮೇಲೆ ಮಲಗಿರುವಾಗ ಎದ್ದು ಕೂತವನೂ ಎತ್ತರ ಕಾಣುತ್ತಾನೆ ಎಂದುಕೊಂಡ ಜುನ್‌ಮೊ. ಹಾಗಂದುಕೊಂಡೂ ಆ ಪತ್ರಿಕೆಯನ್ನು ಎರಡು ಪ್ರತಿ ಕೊಂಡ.

ಶುಕ್ರವಾರ ಅಭ್ಯಾಸ ಮುಗಿದ ಮೇಲೆ ಮಾ ಕೋಚ್ ಅವನನ್ನು ತಮ್ಮ ಕೋಣೆಗೆ ಕರೆದರು. ಮೇಜಿನ ಮೇಲೆ ಜಿನ್ಸೆಂಗ್ ಬೇರಿನ ಮಿಠಾಯಿಯ ತಟ್ಟೆ ಇತ್ತು. ಕೋಚ್ ಮಿಠಾಯಿ ಕೊಟ್ಟರೆ ಸುದ್ದಿ ಒಳ್ಳೆಯದಲ್ಲ ಎಂಬುದು ತಂಡಕ್ಕೆಲ್ಲ ಗೊತ್ತಿದ್ದ ಸಂಗತಿ.

"ತಗೋ."

ಜುನ್‌ಮೊ ಎರಡೂ ಕೈ ಚಾಚಿ ತೆಗೆದುಕೊಂಡ.

"ಇನ್ನೊಂದು ತಗೋ."

ಅವನು ಎರಡನ್ನೂ ಬಾಯಿಗೆ ಹಾಕಿಕೊಂಡ.

"ಸೋಮವಾರ ಹ್ವಾಂಗ್ ಸೈನ್ಯದಿಂದ ವಾಪಸ್ ಬರ್ತಿದಾನೆ. ಗೊತ್ತಲ್ಲ?"

"ಗೊತ್ತು ಸಾರ್."

"ಅವನು ಬಂದ್ಮೇಲೆ ನಂಗೆ ಗಾರ್ಡ್ ಕೊರತೆ ಇರಲ್ಲ. ನಿನ್ನನ್ನ ಉಳಿಸ್ಕೋಬೇಕೋ, ಕಳಿಸ್ಬೇಕೋ ಅಂತ ತಂಡ ನಡ್ಸೋ ಕಂಪನಿಯವರು ಕೇಳ್ತಿದಾರೆ. ಭಾನುವಾರದ ಮ್ಯಾಚ್ ಮುಗೀಲಿ, ಹೇಳ್ತೀನಿ ಅಂದಿದೀನಿ."

ಮಿಠಾಯಿ ಬಾಯಲ್ಲೇ ಉಳಿಯಿತು.

"ನಿನ್ನ ಆಟ ನಾನು ಅಂದ್ಕೊಂಡಿದ್ದಕ್ಕಿಂತ ಚೆನ್ನಾಗಿದೆ. ಏನಂದ್ಕೊಂಡಿದ್ರಿ ಅಂತ ಮಾತ್ರ ಕೇಳ್ಬೇಡ."

"ಕೇಳಲ್ಲ ಸಾರ್."

"ಆದ್ರೆ ಚೆಂಡು ಎಲ್ಲಿಗೆ ಹೋಗ್ಬೇಕು ಅಂತ ಹೇಳ್ಬೇಕಾದವನು ಗಾರ್ಡು. ನೀನಿರೋವಾಗ ಅದನ್ನ ಹೇಳೋದು ಸಂಗ್‌ಹೂನ ಬಲಗೈ. ಅವನು ಕೈ ಎತ್ತಿದ ಅಂದ್ರೆ ಮುಗೀತು, ಕಣ್ಮುಚ್ಕೊಂಡು ಕೊಟ್ಬಿಡ್ತೀಯ. ಕೊಡೋದೇ ಕೆಲಸ ಆದ್ರೆ ಹ್ವಾಂಗ್ ಇದಾನಲ್ಲಪ್ಪಾ, ನಿನಗಿಂತ ನೀಟಾಗಿ ಕೊಡ್ತಾನೆ. ನೀನ್ಯಾಕೆ ಬೇಕು ನಂಗೆ?"

ಜುನ್‌ಮೊ ಬಾಗಿಲ ತನಕ ಹೋದಾಗ ಕೋಚ್ ಮತ್ತೆ ಕರೆದರು. "ಇನ್ನೊಂದು ವಿಷ್ಯ. ಕಂಪನಿಗೆ ಹೇಳೋಕ್ ಮುಂಚೆ ನಾಯಕನ್ನ ಒಂದ್ಮಾತು ಕೇಳ್ತೀನಿ. ನಿನ್ನ ಜೊತೆ ಏಗ್ಬೇಕಾದವನು ಅವನು. ಅವನು ಬೇಡ ಅಂದ್ರೆ ಬೇಡ, ಅಷ್ಟೇ."

ಹೊರಗೆ ಬಂದು ನಿಂತಾಗ ಕಷ್ಟ ಅವನಿಗೆ ನಿಚ್ಚಳವಾಗಿ ಕಂಡಿತು. ಅಣ್ಣ ಕೈ ಎತ್ತಿದಾಗ ಚೆಂಡು ಕೊಟ್ಟರೆ ಕೋಚ್ ಕಳಿಸುತ್ತಾರೆ. ಕೊಡದಿದ್ದರೆ ಅಣ್ಣ ಕಳಿಸುತ್ತಾನೆ. ಮೇಲಾಗಿ ಹ್ವಾಂಗ್ ಎಂಬವನು ಸಂಗ್‌ಹೂ ಓದಿದ ವಿಶ್ವವಿದ್ಯಾಲಯದ ಹುಡುಗ, ಅವನ ನೆರಳಿನಂಥವನು. ಅತ್ತ ದರಿ ಇತ್ತ ಪುಲಿ. ನಡುವೆ ಬಾಯಲ್ಲಿ ಎರಡು ಮಿಠಾಯಿ.

ಶನಿವಾರ ಅಂಗಡಿಗೆ ಹೋಗಿ ಅಮ್ಮನ ಪಕ್ಕ ಕೂತು ಮೀನಿನ ಕಟ್ಟಿಗೆ ಹುರಿ ಸುತ್ತಿದ. ಅಮ್ಮ ಎಲ್ಲವನ್ನೂ ಕೇಳಿಸಿಕೊಂಡಳು.

"ಸಂಗ್‌ಹೂ ಹೇಳ್ದಂಗೆ ಕೇಳು. ದೊಡ್ಡವರ ಮಾತು ಮೀರಬಾರ್ದು."

"ದೊಡ್ಡವರು ಅಂತೀಯಲ್ಲಮ್ಮ, ಅವನಿಗಿಂತ ನಾನು ತಿಂಗಳೊಪ್ಪತ್ತು ಮೊದಲೇ ಹುಟ್ಟಿದೀನಿ."

"ಹುಟ್ಟಿದ್ದು ಯಾವನಿಗೆ ಬೇಕು? ಅವನು ಮುಂದಿನ ಕ್ಲಾಸು, ನೀನು ಹಿಂದಿನ ಕ್ಲಾಸು. ಅದಿರ್ಲಿ, ಅವರಮ್ಮ ಹಬ್ಬಕ್ಕೆ ಮೀನು ಯಾರ ಹತ್ರ ತಗೊಳೋದು? ನನ್ನ ಹತ್ರ. ಅದನ್ನೂ ಕಳೀಬೇಡ ಮಾರಾಯ."

"ಆಯ್ತಮ್ಮ."

"ಗಂಟು ಬಿಗಿ. ನಿನ್ನ ಆಟದ ಥರಾನೇ ಕಟ್ತೀಯ ಇದನ್ನೂ, ಸಡಿಲ ಸಡಿಲ."

ಭಾನುವಾರ ಮಧ್ಯಾಹ್ನ ಪೊಹಾಂಗಿನ ಒಳಾಂಗಣ ತುಂಬಿ ತುಳುಕುತ್ತಿತ್ತು. ಎದುರಾಳಿ ಗಂಗ್‌ನುಂಗ್ ತಂಡ. ಅವರ ಗಾರ್ಡ್ ಪ್ಯೊ ಎಂಬವನು ಆಟಕ್ಕಿಂತ ಬಾಯಿಗೆ ಹೆಸರಾದವನು. ಅವನೂ ಜುನ್‌ಮೊಗಿಂತ ಮೇಲಿನ ತರಗತಿಯವನೇ. ಒಂದು ವರ್ಷ ಹಿಂದೆ ಕೂತವನಿಗೆ ಲೋಕವೆಲ್ಲ ಅಣ್ಣಂದಿರೇ.

ಮೊದಲ ಅರ್ಧ ಹೇಗೋ ಸರಿಸಮ ಸಾಗಿತು. ಬಿಡುವು ಮುಗಿಸಿ ಬಂದಾಗ ಗಂಗ್‌ನುಂಗಿನವರು ಒಂದು ಗುಟ್ಟು ಕಂಡುಕೊಂಡಿದ್ದರು. ಅವರು ಜುನ್‌ಮೊನನ್ನು ನೋಡುವುದನ್ನೇ ಬಿಟ್ಟರು. ಸಂಗ್‌ಹೂನ ಬಲಗೈ ನೋಡತೊಡಗಿದರು. ಆ ಕೈ ಮೇಲೆ ಹೋಗುತ್ತಿದ್ದಂತೆ ಇಬ್ಬರು ಅತ್ತ ಓಡುತ್ತಿದ್ದರು. ಕೈ ಎತ್ತಿದ ಕಡೆ ಚೆಂಡು ಬಂದೇ ಬರುತ್ತದೆ ಎಂಬ ನಂಬಿಕೆ ಸಂಗ್‌ಹೂಗೆ ಇದ್ದಷ್ಟೇ ಅವರಿಗೂ ಇತ್ತು.

"ಅಣ್ಣ ಕೈ ಎತ್ತಿದ್ರು ನೋಡಪ್ಪಾ," ಎಂದ ಪ್ಯೊ, ಜುನ್‌ಮೊನ ಎದೆಗೆ ಎದೆ ಕೊಟ್ಟು. "ಕೊಟ್ಬಿಡು, ಕೊಟ್ಬಿಡು. ತಡ ಮಾಡಿದ್ರೆ ಬೈತಾರೆ."

ಜುನ್‌ಮೊ ಕೊಟ್ಟ. ನಡುವೆ ಒಂದು ಕೈ ಬಂದು ಚೆಂಡನ್ನು ಕಿತ್ತುಕೊಂಡು ಆ ತುದಿಗೆ ಓಡಿತು. ಎರಡು ಅಂಕ ಹೋಯಿತು.

"ಥ್ಯಾಂಕ್ಸ್ ಕಣೋ ತಮ್ಮ," ಎಂದ ಪ್ಯೊ. "ಒಳ್ಳೆ ಮನೆತನದ ಹುಡುಗ. ಸಂಸ್ಕಾರ ಇದೆ."

ಮತ್ತೆ ಕೈ ಮೇಲೆ ಹೋಯಿತು. ಈ ಸಲ ಕೊಡಬಾರದು ಎಂದು ಜುನ್‌ಮೊನ ತಲೆ ಹೇಳಿತು. ತಲೆಯ ಮಾತು ಮುಂಗೈಗೆ ತಲುಪುವ ಮೊದಲೇ ಚೆಂಡು ಕೈ ಬಿಟ್ಟಿತ್ತು. ಅದೂ ಹೋಯಿತು. ಇಷ್ಟು ವರ್ಷದ ಅಭ್ಯಾಸ. ಮನೆಗೆ ಹೋಗುವ ದಾರಿಯಂತೆ, ಕಾಲಿಗೆ ಗೊತ್ತು, ಬುದ್ಧಿಯನ್ನು ಕೇಳಬೇಕಿಲ್ಲ. ಮಾ ಕೋಚ್ ಬೆಂಚಿನ ಬಳಿ ಕೈಕಟ್ಟಿ ನಿಂತಿದ್ದರು. ಬೈಯುತ್ತಿರಲಿಲ್ಲ. ಬೈಯುವ ಕೋಚ್ ಮೌನವಾಗಿದ್ದಾರೆಂದರೆ ಮನಸ್ಸಿನಲ್ಲಿ ಆಗಲೇ ಒಬ್ಬನನ್ನು ಬಸ್ಸು ಹತ್ತಿಸಿಯಾಗಿದೆ ಎಂದರ್ಥ.

ಆಟ ಮುಗಿಯಲು ಇನ್ನು ಸ್ವಲ್ಪವೇ ಹೊತ್ತಿತ್ತು. ಪೊಹಾಂಗ್ ಹಿಂದಿತ್ತು, ಕೈಗೆಟುಕದಷ್ಟು ಹಿಂದಲ್ಲ. ಜುನ್‌ಮೊ ಚೆಂಡು ತಟ್ಟುತ್ತ ಮುಂದೆ ಬಂದ. ಎಡ ಮೂಲೆಯಲ್ಲಿ ಕೈ ಎದ್ದಿತು. ಅವನು ಆ ಕೈಯನ್ನೇ ನೋಡಿದ. ಕತ್ತು, ಭುಜ, ಪಾದ ಎಲ್ಲವನ್ನೂ ಅತ್ತ ತಿರುಗಿಸಿದ. ಗಂಗ್‌ನುಂಗಿನ ಇಬ್ಬರು ಅತ್ತ ಹಾರಿದರು. ಅವರು ಬಿಟ್ಟುಹೋದ ಜಾಗ, ಬುಟ್ಟಿಯ ಕೆಳಗೆ, ಜನ ಇಳಿದ ಬಸ್ಸಿನಂತೆ ಬಿಕೋ ಎನ್ನುತ್ತಿತ್ತು. ಅಲ್ಲಿ ಅಮೆರಿಕದಿಂದ ಬಂದ ಟೆರೆಲ್ ಒಬ್ಬನೇ ಬೇಸರದಿಂದ ನಿಂತಿದ್ದ. ಜುನ್‌ಮೊ ಕಣ್ಣನ್ನು ಅಣ್ಣನ ಕೈ ಮೇಲೆಯೇ ಇಟ್ಟು ಚೆಂಡನ್ನು ಟೆರೆಲ್‌ಗೆ ಎಸೆದ. ಟೆರೆಲ್ ಬುಟ್ಟಿಗೆ ಜೋತುಬಿದ್ದು ಚೆಂಡನ್ನು ಒಳಗೆ ಗುದ್ದಿದ. ಒಳಾಂಗಣ ಗದ್ದಲದಿಂದ ಬಿರಿಯಿತು.

ಸಂಗ್‌ಹೂನ ಕೈ ಮಾತ್ರ ಇನ್ನೂ ಮೇಲೇ ಇತ್ತು. ಅದು ನಿಧಾನವಾಗಿ ಇಳಿಯಿತು. ಹಿಂದಕ್ಕೆ ಓಡುವಾಗ ಅವನು ಜುನ್‌ಮೊನ ಪಕ್ಕಕ್ಕೆ ಬಂದ.

"ನಾನು ಕೈ ಎತ್ತಿದ್ದೆ."

"ಹೌದಣ್ಣ."

"ಕಾಣಿಸ್ತಾ?"

"ಕಾಣಿಸ್ತಣ್ಣ."

"ಮತ್ತೆ?"

ಜುನ್‌ಮೊ ಉತ್ತರ ಕೊಡಲಿಲ್ಲ. ಉತ್ತರ ಕೊಡದಿರುವುದೂ ನಮ್ಮಲ್ಲಿ ಒಂದು ಉತ್ತರವೇ. ಅದಕ್ಕೆ ಶಿಕ್ಷೆ ಜಾಸ್ತಿ.

"ಮುಗೀಲಿ ಇದು, ಮಾತಾಡೋಣ," ಎಂದ ಸಂಗ್‌ಹೂ.

ಆ ಕಡೆ ಗಂಗ್‌ನುಂಗ್ ಒಂದು ಅಂಕ ಮುಂದೆ ಹೋಯಿತು. ಉಳಿದದ್ದು ಒಂದೇ ಸರದಿ. ಕೋಚ್‌ಗೆ ಆಟ ನಿಲ್ಲಿಸಿ ಮಾತಾಡುವ ಅವಕಾಶಗಳೆಲ್ಲ ಮುಗಿದಿದ್ದವು. ಚೆಂಡು ಜುನ್‌ಮೊನ ಕೈಯಲ್ಲಿತ್ತು. ಪ್ಯೊ ಜಿಗಣೆಯಂತೆ ಅವನಿಗೆ ಅಂಟಿಕೊಂಡ. ಈ ಸಲ ಗಂಗ್‌ನುಂಗಿನವರು ಮೋಸಹೋಗಲಿಲ್ಲ. ಟೆರೆಲ್‌ನನ್ನೂ ಕಟ್ಟಿಹಾಕಿದ್ದರು, ಸಂಗ್‌ಹೂನನ್ನೂ ಕಟ್ಟಿಹಾಕಿದ್ದರು. ಪ್ಯೊನನ್ನು ದಾಟಿದರೆ ದಾರಿ ಇತ್ತು, ದಾಟಲು ಆಗುತ್ತಿರಲಿಲ್ಲ. ಯಾರಾದರೂ ಬಂದು ಪ್ಯೊನ ದಾರಿಗೆ ಗೋಡೆಯಂತೆ ಅಡ್ಡ ನಿಲ್ಲಬೇಕು. ಅಡ್ಡ ನಿಲ್ಲುವುದು ಮೈಕೈ ನೋಯುವ ಕೆಲಸ, ಪತ್ರಿಕೆಯಲ್ಲಿ ಹೆಸರು ಬಾರದ ಕೆಲಸ, ಅಂದರೆ ತಮ್ಮಂದಿರ ಕೆಲಸ. ಹತ್ತಿರದಲ್ಲಿದ್ದವನು ಒಬ್ಬನೇ. ಅವನ ಚಿತ್ರ ಬಸ್ಸುಗಳ ಮೇಲಿತ್ತು, ಅವನ ಬಲಗೈ ಮೇಲಿತ್ತು.

"ಕೊಡಪ್ಪಾ, ಕೇಳ್ತಿದಾರೆ," ಎಂದ ಪ್ಯೊ. "ಅಣ್ಣನಿಗೆ ಕೈ ನೋವು ಬಂದ್ಬಿಡತ್ತೆ."

ಗಡಿಯಾರ ಓಡುತ್ತಿತ್ತು. ಪದ್ಧತಿಯ ಪ್ರಕಾರ ಹೇಳಬೇಕಾದ ಮಾತು ಜುನ್‌ಮೊನ ತಲೆಯಲ್ಲಿ ಸಾಲಾಗಿ ನಿಂತಿತು: ಅಣ್ಣ, ತಪ್ಪು ತಿಳೀಬೇಡಿ, ಸ್ವಲ್ಪ ಈ ಕಡೆ ಬಂದು ಅಡ್ಡ ನಿಂತ್ಕೋತೀರಾ. ಅದನ್ನು ಪೂರ್ತಿ ಹೇಳಿ ಮುಗಿಸುವ ಹೊತ್ತಿಗೆ ಆಟ ಮುಗಿದು, ದೀಪ ಆರಿಸಿ, ಹ್ವಾಂಗ್ ಬಂದು ಅವನ ಕಪಾಟಿನಲ್ಲಿ ಬಟ್ಟೆ ಇಟ್ಟಿರುತ್ತಿದ್ದ. ಉಳಿದದ್ದು ಒಂದು ಉಸಿರು. ಆ ಉಸಿರಿನಲ್ಲಿ ಹಿಡಿಸುವಷ್ಟೇ ಮಾತು ಅವನ ಬಾಯಿಂದ ಹೊರಬಿತ್ತು.

"ಲೋ ಸಂಗ್‌ಹೂ! ಕೈ ಇಳ್ಸಿ ಬಾರೋ ಇಲ್ಲಿ! ಅಡ್ಡ ನಿಲ್ಲೋ!"

ಬೆಂಚಿನಲ್ಲಿ ಕೂತಿದ್ದವರ ಬಾಯಿ ತೆರೆದೇ ಉಳಿಯಿತು. ಅಂಕಣದ ಅಂಚಿನಲ್ಲಿ ಕೂತಿದ್ದ ಹಿರಿಯರೊಬ್ಬರು "ಅಯ್ಯೋ" ಎಂದದ್ದು ಆ ಗದ್ದಲದಲ್ಲೂ ಕೇಳಿಸಿತು. ಏನೂ ಆಗಿಲ್ಲವೆಂಬಂತೆ ಇದ್ದವನು ಟೆರೆಲ್ ಒಬ್ಬನೇ. ಅವನ ಊರಿನಲ್ಲಿ ಅಪ್ಪನ ವಯಸ್ಸಿನವರನ್ನೂ ಹೆಸರು ಹಿಡಿದೇ ಕರೆಯುತ್ತಾರಂತೆ. ಎಲ್ಲರಿಗಿಂತ ಹೆಚ್ಚು ಬೆಚ್ಚಿದವನು ಪ್ಯೊ. ಅವನೂ ಎಷ್ಟೇ ಬಾಯಿಬಡುಕನಾದರೂ ನಮ್ಮ ಶಾಲೆಗಳಲ್ಲೇ ಬೆಳೆದವನು, ನಮ್ಮ ನೆಲದ ಮೇಲೆಯೇ ಕೈಯೂರಿದವನು. ಮೂರನೇ ಸುತ್ತಿನ ತಮ್ಮನೊಬ್ಬ ಗಿಲ್ ಸಂಗ್‌ಹೂನನ್ನು ಹೀಗೆ ಕರೆದದ್ದು ಕೇಳಿ, ಈಗ ಸಂಗ್‌ಹೂನ ಮುಖ ಹೇಗಾಗಿದೆ ಎಂದು ನೋಡದೆ ಇರಲು ಅವನಿಂದ ಆಗಲಿಲ್ಲ. "ಏನಂದೆ?" ಎನ್ನುತ್ತ ಕತ್ತು ತಿರುಗಿಸಿದ.

ಅಷ್ಟು ಸಾಕಾಯಿತು. ಜುನ್‌ಮೊ ಅವನ ಬಲಗಡೆಯಿಂದ ಹಾದುಹೋದ. ಕತ್ತನ್ನು ಹಿಂದಕ್ಕೆ ತಂದು ಬೆನ್ನಟ್ಟಲು ಹೊರಟ ಪ್ಯೊ ಯಾವುದೋ ದೊಡ್ಡ ಮೈಗೆ ತಾಗಿ ಮುಗ್ಗರಿಸಿದ. ಬುಟ್ಟಿಯ ಎದುರು ಜುನ್‌ಮೊ ನೆಗೆದ. ಅವನ ಬದುಕಿನಲ್ಲೇ ಅಷ್ಟು ಎತ್ತರಕ್ಕೆ ಅವನು ನೆಗೆದದ್ದಿಲ್ಲ. ಚೆಂಡನ್ನು ಮೆಲ್ಲನೆ ಮೇಲಕ್ಕೆ ಬಿಟ್ಟ. ಅದು ಬುಟ್ಟಿಯ ಬಳೆಯ ಮೇಲೆ ಕೂತಿತು, ಸುತ್ತು ಹೊಡೆಯಿತು, ಯೋಚಿಸಿತು, ಹೊರಗೆ ಜಾರಿತು.

ಬಿದ್ದ ನೆಲದಿಂದಲೇ ಅವನು ನೋಡಿದ. ಎಲ್ಲರ ತಲೆಯ ಮೇಲೆ ಒಂದು ಕೈ ಬಂತು. ಈ ಸಲ ಕೇಳುವ ಕೈಯಲ್ಲ. ಜಾರುತ್ತಿದ್ದ ಚೆಂಡನ್ನು ತಟ್ಟಿ ಒಳಗೆ ಹಾಕಿತು. ಕೊನೆಯ ಗಂಟೆ ಬಾರಿಸಿತು. ಪೊಹಾಂಗ್ ಗೆದ್ದಿತ್ತು, ಗೆಲ್ಲಿಸಿದವನು ಸಂಗ್‌ಹೂ. ಮರುದಿನದ ಪತ್ರಿಕೆಗಳಲ್ಲಿ ಜುನ್‌ಮೊನ ಹೆಸರು ಬರಲಿಕ್ಕಿದ್ದದ್ದು "ಗುರಿ ತಪ್ಪಿದ" ಎಂಬ ಮಾತಿನ ಮುಂದೆ.

ಎಲ್ಲರೂ ಸಂಗ್‌ಹೂನ ಮೇಲೆ ಬಿದ್ದು ಕುಣಿದರು. ಜುನ್‌ಮೊನ ಹತ್ತಿರ ಬಂದವನು ಟೆರೆಲ್ ಮಾತ್ರ. ಉಳಿದವರು ಅವನನ್ನು ದಾಟಿ ಹೋಗುವಾಗ ಸಾವಿನ ಮನೆಯಲ್ಲಿ ಮಾಡುವ ಹಾಗೆ ಭುಜ ಮುಟ್ಟಿ ಹೋದರು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಗೆದ್ದ ತಂಡದ ಸದ್ದಿರಲಿಲ್ಲ. ಸಂಗ್‌ಹೂ ಕಾಲಿನ ಪಟ್ಟಿ ಬಿಚ್ಚುತ್ತಿದ್ದ. ಪರ್ ಪರ್ ಎಂಬ ಆ ಸದ್ದೊಂದೇ ಕೇಳುತ್ತಿತ್ತು. ಮಾ ಕೋಚ್ ಬಾಗಿಲಲ್ಲಿ ಇಣುಕಿದರು.

"ನಾಯಕ, ಬಾ ಸ್ವಲ್ಪ." ಜುನ್‌ಮೊನ ಕಡೆ ನೋಡಿದರು. "ನೀನು ಹೊರಗೆ ನಿಂತಿರು."

ಕೋಚ್ ಕೋಣೆಯ ಹೊರಗಿನ ಹಾದಿಯಲ್ಲಿ ಅವನು ಗೋಡೆಗೆ ಬೆನ್ನು ತಾಗದಂತೆ ನಿಂತ. ಒಳಗಿನ ಮಾತು ಕೇಳಿಸುತ್ತಿರಲಿಲ್ಲ. ಒಮ್ಮೆ ಕೋಚ್ ದನಿ ಏರಿತು. ಆಮೇಲೆ ಯಾರೋ ಮಿಠಾಯಿಯ ಕಾಗದ ಬಿಚ್ಚಿದ ಸದ್ದು. ಯಾರಿಗೆ ಮಿಠಾಯಿ? ಫೋನು ನಡುಗಿತು. ಅಮ್ಮ.

"ಏನೋ, ಸಂಗ್‌ಹೂನ ಹೆಸರು ಹಿಡಿದು ಕೂಗಿದ್ಯಲ್ಲೋ! ಟಿವೀಲಿ ಢಾಣಾಡಂಗುರ ಆಗಿ ಕೇಳಿಸ್ತು! ಇಡೀ ಮಾರ್ಕೆಟ್ ಇಲ್ಲೇ ಕೂತಿತ್ತು!"

"ಅಮ್ಮ, ಆಮೇಲೆ ಮಾಡ್ತೀನಿ..."

"'ಬಾರೋ' ಅಂದ್ಯಲ್ಲೋ! 'ನಿಲ್ಲೋ' ಅಂದ್ಯಲ್ಲೋ! ಸಿಗಡಿ ಅಂಗಡಿ ಅತ್ತೆ ಎದೆ ಹಿಡ್ಕೊಂಡು ಕೂತ್ಲು. ಹೋಗು, ಮೊದ್ಲು ಹೋಗಿ ಕಾಲಿಗೆ ಬೀಳು."

"ಅದಕ್ಕೇ ನಿಂತಿದೀನಮ್ಮ."

ಬಾಗಿಲು ತೆರೆಯಿತು. ಅವನು ಫೋನನ್ನು ಹಾಗೇ ಜೇಬಿಗೆ ಹಾಕಿ ಸೊಂಟದವರೆಗೆ ಬಾಗಿದ. ಅವನಿಗೆ ಕಂಡದ್ದು ಸಂಗ್‌ಹೂನ ರಬ್ಬರ್ ಚಪ್ಪಲಿ, ಐಸ್ ಕಟ್ಟಿದ ಮಂಡಿ. ಅವು ಅವನ ಮುಂದೆ ಬಂದು ನಿಂತವು.

"ತಪ್ಪಾಯ್ತಣ್ಣ."

"ಯಾವುದು?"

ಜುನ್‌ಮೊ ಇನ್ನಷ್ಟು ಕೆಳಕ್ಕೆ ಬಾಗಿದ.

"ತಪ್ಪಾಯ್ತು ಅಂದ್ಮೇಲೆ ಯಾವುದು ಅಂತ ಗೊತ್ತಿರ್ಬೇಕಲ್ಲ. ಯಾವುದು?"

"ಹೆಸರು ಹಿಡಿದು ಕರೆದದ್ದಣ್ಣ. ಏಕವಚನದಲ್ಲಿ. ಎಲ್ಲರ ಮುಂದೆ."

ಮಂಡಿಯ ಐಸು ಕರಗಿ ಒಂದು ಹನಿ ನೆಲಕ್ಕೆ ಬಿತ್ತು.  

"ಅಡ್ಡ ನಿಲ್ಲು ಅಂದೆ. ಯಾವ ಕಡೆ ಅಂದ್ಯಾ?"

ಜುನ್‌ಮೊಗೆ ಅರ್ಥವಾಗಲಿಲ್ಲ. "ಅಣ್ಣ?"

"ನಾನು ಎಡಗಡೆ ನಿಲ್ಲೋಕೆ ಹೊರಟೆ. ನೀನು ಬಲಗಡೆ ನುಗ್ಗಿದೆ. ಆ ಪ್ಯೊ ಮುಂಡೇದು ಬಂದು ಹಿಂದಿನಿಂದ ನನ್ನ ಪಕ್ಕೆಗೆ ಗುದ್ದಿದ. ಇನ್ನೂ ನೋಯ್ತಿದೆ. ಇಷ್ಟು ದೊಡ್ಡ ಮೈ ಹೊತ್ಕೊಂಡು ಗೋಡೆ ಥರ ಯಾರಿಗೋಸ್ಕರ ನಿಂತಿದ್ದೆ ನಾನು? ಕರೆಯೋದಾದ್ರೆ ಪೂರ್ತಿ ಕರಿ. ಎಡ ಅನ್ನು, ಇಲ್ಲ ಬಲ ಅನ್ನು."

"ಸರಿ ಅಣ್ಣ."

"ಕೋಚ್ ಕೇಳಿದ್ರು, ಇವನನ್ನ ಏನ್ ಮಾಡೋಣ ಅಂತ. ಎಡ-ಬಲ ಗೊತ್ತಿಲ್ಲದವನನ್ನ ಹೊರಗೆ ಬಿಟ್ರೆ ಬೇರೆ ತಂಡದವರಿಗೆ ತೊಂದ್ರೆ, ನಮ್ಮಲ್ಲೇ ಇರ್ಲಿ ಅಂದೆ."

ಜುನ್‌ಮೊ ಬಾಗಿದ್ದವನು ಬಾಗಿದಂತೆಯೇ ಇದ್ದ. ಏಳಬಹುದೋ ಇಲ್ಲವೋ ಗೊತ್ತಾಗಲಿಲ್ಲ.

"ಹ್ವಾಂಗ್...?" ಎಂದ ನೆಲ ನೋಡುತ್ತಲೇ.

"ಅವನು ಬರ್ತಾನೆ. ಆಡ್ತಾನೆ. ನಾನು ಕೈ ಎತ್ತಿದ್ರೆ ಅವನೂ ಕೊಡ್ತಾನೆ, ಪಾಪ." ಸಂಗ್‌ಹೂ ಕುಂಟುತ್ತ ಹೊರಟ. ಹಾದಿಯ ತಿರುವಿನಲ್ಲಿ ಅವನ ದನಿ ಕೇಳಿಸಿತು. "ಆಟದೊಳಗೆ ಮಾತ್ರ, ಗೊತ್ತಾಯ್ತಾ? ಹೊರಗೆ ಬಾಯಿ ಬಿಟ್ಯೋ, ಹಲ್ಲು ಉದುರಿಸ್ತೀನಿ."

"ಸರಿ ಅಣ್ಣ."

ಚಪ್ಪಲಿಯ ಸದ್ದು ಪೂರ್ತಿ ನಿಂತ ಮೇಲೆ ಜುನ್‌ಮೊ ನೆಟ್ಟಗಾದ.  ಗೋಡೆ ಹಿಡಿದು ಅಲ್ಲೇ ನೆಲದ ಮೇಲೆ ಕೂತ.  ಜೇಬಿನಲ್ಲಿ ಯಾರೋ ಕಿರುಚುತ್ತಿದ್ದರು. ಫೋನು ಇನ್ನೂ ತೆರೆದೇ ಇತ್ತು.

"ಬಿದ್ಯಾ ಕಾಲಿಗೆ?" ಎಂದಳು ಅಮ್ಮ.

"ಬಾಗ್ದೆ."

"ಏನಂದ?"

"ಎಡ-ಬಲ ಸರಿಯಾಗಿ ಹೇಳು ಅಂದ."

ಅಮ್ಮ ಅದನ್ನು ತಿರುವಿಹಾಕಿ ನೋಡಿದಳು. "ಅಂದ್ರೆ ಕೆಲಸ ಇದ್ಯೋ, ಇಲ್ವೋ?"

"ಇದೆ ಅಮ್ಮ."

"ನಿಜವಾಗ್ಲೂ ಇದ್ಯಾ?"

"ನಿಜವಾಗ್ಲೂ."

ಆ ಕಡೆಯಿಂದ ಮೂಗು ಎಳೆದುಕೊಂಡ ಸದ್ದಾಯಿತು. ಆಮೇಲೆ ಅಮ್ಮ ಫೋನನ್ನು ಮೀನಿನ ಪಕ್ಕ ಎಲ್ಲೋ ಇಟ್ಟಿರಬೇಕು, ಅವಳ ದನಿ ದೂರದಿಂದ, ಮಾರುಕಟ್ಟೆಗೆಲ್ಲ ಕೇಳುವ ಹಾಗೆ ಬಂತು: "ಬನ್ರೋ, ಬನ್ರೇ! ಇವತ್ತು ಒಂದು ಕಟ್ಟು ತಗೊಂಡೋರಿಗೆ ಇನ್ನೊಂದು ಕಟ್ಟು ಪುಕ್ಕಟೆ!" ಜನ ನುಗ್ಗಿದ ಗದ್ದಲ ಕೇಳಿಸಿತು. ಅದರ ನಡುವೆ ಮತ್ತೆ ಅವಳೇ: "ಏಯ್, ಪುಕ್ಕಟೆ ಅಂದ ತಕ್ಷಣ ದೊಡ್ಡ ಕಟ್ಟಿಗೇ ಕೈ ಹಾಕ್ತೀಯಲ್ಲೇ ಸಿಗಡಿ ಅಂಗಡಿಯವ್ಳೇ? ಇಡು ಅದನ್ನ, ಇಡು!"